ಅಲ್ಲಾಡುವ ಇಟ್ಟಿಗೆ

ನಮ್ಮ ಮನೆಯ ಮುಂಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕೆಳಗೆ ನೆಲಕ್ಕೆ ಕಚ್ಚಿಕೊಂಡು, ಮೇಲೆ ಎರಡು ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡು ನಿಂತುಬಿಡುತ್ತದೆ. ಬಡಗಿಯನ್ನು ಕೇಳಿದರೆ ಗೋಡೆ ಸೊಟ್ಟ ಎನ್ನುತ್ತಾನೆ, ಗೋಡೆ ಕಟ್ಟಿದ ಗೌಂಡಿಯನ್ನು ಕೇಳಿದರೆ ಚೌಕಟ್ಟು ಸೊಟ್ಟ ಎನ್ನುತ್ತಾನೆ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿದರೆ, ಸೊಟ್ಟಗಿರುವುದು ನನ್ನ ಬುದ್ಧಿ ಎಂಬಂತೆ ಮುಖ ನೋಡಿ, "ಊರೆಲ್ಲ ಸೇರಿ ಕಟ್ಟಿದ ಮನೆಗೆ ಚಿಲಕ ಯಾಕಮ್ಮಾ?" ಎನ್ನುತ್ತಾರೆ. ಊರೆಲ್ಲ ಒಳಗೆ ಬರಬಾರದು ಅಂತಲೇ ಚಿಲಕ. ಅಷ್ಟೂ ತಿಳಿಯುವುದಿಲ್ಲವೇ ಇವರಿಗೆ?

ಊರೆಲ್ಲ ಸೇರಿ ಕಟ್ಟಿದ್ದು ಮಾತ್ರ ನಿಜ. ಯುದ್ಧ ಮುಗಿದ ಮೇಲೆ, ಸತ್ತವರ ನೆನಪಿಗೆ ಚೌಕದಲ್ಲೊಂದು ಕಲ್ಲು ನಿಲ್ಲಿಸೋಣ ಎಂದು ಅರ್ಧ ಊರು, ಗಾಯವಾಗಿ ಬಂದವರಿಗೆ ಒಂದು ಸೂರು ಕಟ್ಟೋಣ ಎಂದು ಇನ್ನರ್ಧ ಊರು ಜಗಳವಾಡಿ, ಕೊನೆಗೆ ಎರಡನ್ನೂ ಒಂದೇ ಗೋಡೆಯಲ್ಲಿ ಮುಗಿಸಿತು. ಜಗಲಿಯ ಗೋಡೆಯಲ್ಲಿ ಹೆಸರು ಕೆತ್ತಿದ ಕಪ್ಪು ಕಲ್ಲು. ಆ ಗೋಡೆಯ ಹಿಂದೆ ಬದುಕಿ ಬಂದವರ ಸಂಸಾರ. ಬದುಕಿ ಬಂದವರು ನಮ್ಮನೆಯವರು. ಅವರ ಎಡಗಾಲು ತೊಡೆಯಿಂದ ಕೆಳಗೆ ಇಲ್ಲ.

ಇದಕ್ಕೆ ಮುಂಚೆ ನಾವು ಅಚ್ಚುಕೂಟದ ಮೇಲಿನ ಕೋಣೆಯಲ್ಲಿದ್ದೆವು. ಕಡಿದಾದ ಮರದ ಮೆಟ್ಟಿಲು. ಅವರು ಕೆಳಗಿಳಿಯಬೇಕೆಂದರೆ ಕೂತುಕೊಂಡು, ಅಂಬೆಗಾಲಿಡುವ ಮಗುವಿನ ಹಾಗೆ, ಒಂದೊಂದೇ ಮೆಟ್ಟಿಲು ಜಾರಬೇಕಿತ್ತು. ಕೆಳಗೆ ಅಚ್ಚುಮೊಳೆ ಜೋಡಿಸುವವರು ಕೈ ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ನಮ್ಮನೆಯವರು ಇಳಿಯುವುದನ್ನೇ ಬಿಟ್ಟರು. ದಿನವಿಡೀ ಕಿಟಕಿಯ ಹತ್ತಿರ ಕೂತು, ಹೊರಗೆ ನೋಡದೆ ಗೋಡೆ ನೋಡುತ್ತಿದ್ದರು. ಈ ಮನೆಯಲ್ಲಿ ಒಂದು ಮೆಟ್ಟಿಲೂ ಇಲ್ಲ. ಬೀದಿಯಿಂದ ಜಗಲಿಗೆ ಇಳಿಜಾರು, ಜಗಲಿಯಿಂದ ಅಡುಗೆಮನೆಗೆ ಒಂದೇ ಮಟ್ಟದ ನೆಲ. ಇಲ್ಲಿಗೆ ಬಂದ ಮೇಲೆ ಅವರು ಜಗಲಿಯಲ್ಲಿ ಕೂತು ಬೆತ್ತದ ಕುರ್ಚಿ ಹೆಣೆಯಲು ಕಲಿತರು, ಬೀದಿಯವರ ಜೊತೆ ಹರಟಲು ಕಲಿತರು, ನನ್ನನ್ನು ಬಯ್ಯಲೂ ಶುರುಮಾಡಿದರು. ಗಂಡ ಬೈದರೆ ಸಂತೋಷಪಟ್ಟ ಹೆಂಡತಿ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು, ಸರಿ. ಆದರೆ ಇಲ್ಲಿ ಎಮ್ಮೆ ಕೊಟ್ಟವರು ದಿನಾ ಬಂದು ನಮ್ಮ ಹಲ್ಲು ಎಣಿಸುತ್ತಿದ್ದರು. "ಈ ಕಿಟಕಿ ನಾನು ಕೂರಿಸಿದ್ದು, ಚೆನ್ನಾಗಿ ಒರೆಸ್ತೀಯಾ?" "ಈ ಗೂಟ ನಾನು ಹೊಡೆದಿದ್ದು, ಭಾರ ನೇತು ಹಾಕಬೇಡ." ಮೇಲಾಗಿ ಒಂದು ನಿಯಮ ಬೇರೆ: ಮಾಡಿದ ಕೈಯೇ ಮುಟ್ಟಬೇಕು. ಯಾರು ಏನನ್ನು ಮಾಡಿಕೊಟ್ಟರೋ ಅದನ್ನು ರಿಪೇರಿ ಮಾಡುವ ಹಕ್ಕು ಅವರಿಗೇ, ಅಥವಾ ಅವರ ಮನೆಯವರಿಗೇ. ಬೇರೆಯವರು ಮುಟ್ಟಿದರೆ ಮುನಿಸು. ನನ್ನ ಹೊಲಿಗೆ ಮಿಷನ್ನಿನ ಮೇಲಿನ ಹಂಚು ಹೊದೆಸಿದವನು ಫೋಟೋಗ್ರಾಫರು. ಕ್ಯಾಮೆರಾಕ್ಕಿಂತ ಭಾರದ ವಸ್ತುವನ್ನು ಎತ್ತಿದವನಲ್ಲ. ಅದು ಸೋರಲು ಶುರುವಾಗುವ ಹೊತ್ತಿಗೆ ಅವನು ಬೇರೆ ಊರಿನಲ್ಲಿ ಅಂಗಡಿ ಹಾಕಿದ್ದ. ಅವನು ಬರುವ ತನಕ ನಾನು ಬಕೆಟ್ಟು ಇಟ್ಟುಕೊಂಡು ಹೊಲಿದೆ.

ಅದೇ ನಿಯಮದಂತೆ, ಹೆಸರಿನ ಕಲ್ಲಿನ ಕೆಳಗಿನ ಇಟ್ಟಿಗೆ ಸಾಲು ಸತ್ತವರ ಮನೆಯವರದು. ತಾಯಿಯೋ ಹೆಂಡತಿಯೋ ತಮ್ಮನೋ ಬಂದು, ಗೌಂಡಿಯ ಕೈಯಿಂದ ಕರಣೆ ಇಸಿದುಕೊಂಡು, ಗಾರೆ ಸವರಿ, ಮನೆಗೊಂದರಂತೆ ಇಟ್ಟಿಗೆ ಕೂರಿಸಿದ್ದರು. ನಮಗಿದ್ದ ಕರಾರು ಒಂದೇ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮನೆಯವರು ಜಗಲಿಯಲ್ಲಿ ನಿಂತು ಆ ಕಲ್ಲಿನ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು. ಒಂದನ್ನೂ ಬಿಡದೆ.

ಮೊದಮೊದಲು ಕೇಳಲು ಬೀದಿ ತುಂಬ ಜನ. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾದರು; ಎಲ್ಲರಿಗೂ ಅವರವರ ಮನೆಯ ಒಲೆ ಇದೆಯಲ್ಲ. ಕೊನೆಗೆ ಉಳಿದವಳು ಇಸ್ತ್ರಿ ಅಜ್ಜಿ ಒಬ್ಬಳೇ.

ಇಸ್ತ್ರಿ ಅಜ್ಜಿಗೆ ಚೌಕದ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಪುಟ್ಟ ಅಂಗಡಿ. ಒಬ್ಬನೇ ಮಗ, ನಮ್ಮನೆಯವರ ತುಕಡಿಯಲ್ಲೇ ಇದ್ದ, ತಿರುಗಿ ಬರಲಿಲ್ಲ. ಅವನ ಹೆಸರೂ ಕಲ್ಲಿನ ಮೇಲಿದೆ. ಅಜ್ಜಿ ಸಂಜೆಯಾದರೆ ಅಂಗಡಿಗೆ ಪರದೆ ಎಳೆದು, ಮೈಯಲ್ಲಿ ಇದ್ದಿಲ ವಾಸನೆ ಹೊತ್ತುಕೊಂಡು ಬರುತ್ತಾಳೆ. ಜಗಲಿಯ ತುದಿಯಲ್ಲಿ, ಕಲ್ಲಿನ ಪಕ್ಕಕ್ಕೆ ಕೂರುತ್ತಾಳೆ. ಅಳುವುದಿಲ್ಲ, ಕೈಮುಗಿಯುವುದಿಲ್ಲ, "ಏನಮ್ಮ ಚೆನ್ನಾಗಿದೀಯಾ" ಅಂತ ಬಾಯಿಮಾತಿಗೂ ಕೇಳುವುದಿಲ್ಲ. ಓದುವಷ್ಟು ಹೊತ್ತೂ ನಮ್ಮನೆಯವರ ತುಟಿಯನ್ನೇ ನೋಡುತ್ತಿರುತ್ತಾಳೆ. ಓದು ಮುಗಿಯಿತೋ, ಎದ್ದು ಹೋಗುತ್ತಾಳೆ.

ಇದು ನನಗೆ ಸರಿ ಕಾಣಲಿಲ್ಲ. ಉಳಿದ ಮನೆಗಳವರೆಲ್ಲ ಒಂದಲ್ಲ ಒಂದು ದಿನ ಬಂದು, ನಮ್ಮನೆಯವರ ಮುಂದೆ ಕೂತು, "ಅವನ ಕಡೆ ಗಳಿಗೆ ಹೇಗಿತ್ತಪ್ಪ, ನೋವು ತಿಂದನಾ" ಎಂದು ಕೇಳಿದ್ದರು. ಗಾಡಿಯವನು ಕೇಳಿದ, ಅಂಚೆಯವನು ಕೇಳಿದ. ಇವಳು ಮಾತ್ರ ಕೇಳಲಿಲ್ಲ. ಅದೇ ತುಕಡಿಯ ಮನುಷ್ಯ ಎದುರಿಗೆ ಕೂತಿರುವಾಗ ಹೆತ್ತ ತಾಯಿ ಕೇಳುವುದಿಲ್ಲ ಎಂದರೆ ಏನರ್ಥ? ಅವಳಾಗಲೇ ಮನಸ್ಸಿನಲ್ಲಿ ಏನೋ ತೀರ್ಮಾನ ಮಾಡಿಕೊಂಡಿದ್ದಾಳೆ. ನಮ್ಮ ತಪ್ಪು ಹಿಡಿಯಲು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾಳೆ. ನಾನು ಹಾಗೇ ಅಂದುಕೊಂಡೆ.

ತಪ್ಪು ಮೊದಲು ಸಿಕ್ಕಿದ್ದು ನನಗೇ. ಒಳಗೆ ಮಿಷನ್ ತುಳಿಯುತ್ತಾ ದಿನಾ ಆ ಓದು ಕೇಳಿ ಕೇಳಿ ಅದು ನನಗೆ ಬಾಯಿಪಾಠವಾಗಿತ್ತು. ಒಂದು ಸಂಜೆ ದಾರ ಕಡಿದು ಮಿಷನ್ ನಿಂತಿತ್ತು, ಓದು ಸ್ಪಷ್ಟವಾಗಿ ಕೇಳಿಸಿತು. ಗಾಡಿಯವನ ಮಗನ ಹೆಸರು ಬಂತು. ಅದರ ಹಿಂದೆಯೇ ಅಂಚೆಯವನ ತಮ್ಮನ ಹೆಸರು. ನಡುವೆ ಇರಬೇಕಾದದ್ದು ಇಲ್ಲ. ಕಲ್ಲಿನ ಮೇಲೆ ಅವರಿಬ್ಬರ ನಡುವೆ ಇರುವುದು ಅಜ್ಜಿಯ ಮಗನ ಹೆಸರು.

ನೆನಪು ಮಾಡಿಕೊಂಡೆ. ಜನ ಸೇರುತ್ತಿದ್ದ ದಿನಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಅವರಿಗೆ ಕೆಮ್ಮು ಬರುತ್ತಿತ್ತು. ಜನ ಕಡಿಮೆಯಾದ ಮೇಲೆ ಕೆಮ್ಮುವ ಶ್ರಮವನ್ನೂ ಬಿಟ್ಟಿದ್ದರು.

"ರೀ, ಒಂದು ಹೆಸರು ಬಿಟ್ರಿ" ಎಂದೆ, ಊಟಕ್ಕೆ ಕೂತಾಗ.

"ಹೌದಾ? ಮರೆತಿರಬೇಕು."

"ದಿನಾ ಮರೀತೀರಾ? ಅದೂ ಅದೊಂದನ್ನೇ?"

ಅವರು ತಟ್ಟೆಯಿಂದ ಮುಖ ಎತ್ತಲಿಲ್ಲ. "ಉಪ್ಪು ಜಾಸ್ತಿ ಆಗಿದೆ" ಎಂದರು. ಉಪ್ಪು ಸರಿಯಾಗಿಯೇ ಇತ್ತು. ಮಾತು ತಪ್ಪಿಸಲು ನನ್ನ ಅಡುಗೆಯನ್ನು ದೂರುವ ಮನುಷ್ಯನ ಹೊಟ್ಟೆಯಲ್ಲಿ ಏನೋ ಇದೆ ಎಂದು ತಿಳಿಯಲು ಪಂಡಿತಳಾಗಬೇಕಿಲ್ಲ.

ಅವತ್ತಿನಿಂದ ನನಗೆ ಗಂಡನ ಮೇಲೂ ಅನುಮಾನ. ಒಂದು ಹೆಸರನ್ನು ಬಾಯಲ್ಲಿ ತರಲಾಗದಂಥದ್ದು ಏನು ನಡೆದಿತ್ತು ಅಲ್ಲಿ? ಆ ಹುಡುಗನನ್ನು ಬಿಟ್ಟು ಬಂದರೇ? ಇವರ ಕೈಯಿಂದಲೇ ಏನಾದರೂ ಆಯಿತೇ? ಬೆತ್ತ ಸೀಳುತ್ತಾ ಕೂತ ಅವರ ಕೈಗಳನ್ನು ನೋಡುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ತಿರುಗಿದರೆ ಸೌಟು ಹುಡುಕುವವಳ ಹಾಗೆ ನಟಿಸುತ್ತಿದ್ದೆ. ಅನುಮಾನ ಒಂದು ಸಲ ಮನೆಯೊಳಗೆ ಬಂದರೆ ಸಾಕು, ಕೊಡವಿದರೂ ಹೋಗದ ತಿಗಣೆ ಅದು.

ಹೀಗಿರುವಾಗ ಆ ಇಟ್ಟಿಗೆ ಅಲ್ಲಾಡಿತು.

ಜಗಲಿ ಒರೆಸುತ್ತಿದ್ದೆ. ಕಲ್ಲಿನ ಕೆಳಗಿನ ಸಾಲಿನಲ್ಲಿ ಒಂದು ಇಟ್ಟಿಗೆ ಬಟ್ಟೆಗೆ ಸಿಕ್ಕಿ ಮುಂದೆ ಬಂತು. ತಳ್ಳಿದೆ, ಒಳಗೆ ಹೋಯಿತು. ಎಳೆದೆ, ಹೊರಗೆ ಬಂತು. ಇಲ್ಲೇ ಏನೋ ಬಚ್ಚಿಟ್ಟಿದ್ದಾರೆ ಎನ್ನಿಸಿತು. ನಮ್ಮನೆಯವರು ಹಿತ್ತಿಲಲ್ಲಿದ್ದರು. ಸರ್ರನೆ ಇಟ್ಟಿಗೆ ಹೊರಗೆಳೆದು ಪೊಟರೆಯೊಳಗೆ ಕೈ ಹಾಕಿದೆ. ಒಂದು ಹಲ್ಲಿಮೊಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಆದರೆ ಇಟ್ಟಿಗೆಯನ್ನು ತಿರುಗಿಸಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಅದರ ಯಾವ ಮೈಗೂ ಗಾರೆ ಅಂಟಿರಲಿಲ್ಲ. ಅಕ್ಕಪಕ್ಕದ ಇಟ್ಟಿಗೆಗಳಿಗೆ ಹಲ್ಲುಗಳಿಗೆ ಅಂಟಿದ ಪಾಚಿಯಷ್ಟು ಗಟ್ಟಿಯಾಗಿ ಗಾರೆ ಕೂತಿದ್ದರೆ, ಇದು ಭಟ್ಟಿಯಿಂದ ಈಗ ತಂದ ಹಾಗೆ ಶುಚಿಯಾಗಿತ್ತು.

ಗೌಂಡಿಯನ್ನು ಕರೆಸಿ ತೋರಿಸಿದೆ. ಅವನು ಕೂತು, ಬೆರಳಾಡಿಸಿ, ಹುಬ್ಬು ಗಂಟಿಕ್ಕಿದ.

"ಇದು ಇಸ್ತ್ರಿ ಅಜ್ಜಿದು. ಅವತ್ತು ಗಾರೆ ಕಲಸಿ ಕೊಟ್ಟೋನೇ ನಾನು. ಸವರಿದ್ದನ್ನ ಕಣ್ಣಾರೆ ನೋಡಿದೀನಿ. ಹಸಿ ಇರೋವಾಗ್ಲೇ ಯಾರೋ ಕೆರೆದು ತೆಗೆದಿದಾರೆ ಕಣಮ್ಮ."

"ಹಾಗಾದ್ರೆ ನೀನೇ ಈಗ ಹಾಕಿಬಿಡು."

"ನಾನು ಮುಟ್ಟಂಗಿಲ್ಲವಲ್ಲ. ಮಾಡಿದ ಕೈಯೇ ಮುಟ್ಟಬೇಕು. ಅಜ್ಜಿಗೆ ಹೇಳು, ಬಂದು ಹಾಕಲಿ, ಗಾರೆ ನಾನು ಕಲಸಿ ಕೊಡ್ತೀನಿ."

ಸಂಜೆ ಅಜ್ಜಿಗೆ ಹೇಳಿದೆ. ಅವಳು ಇಟ್ಟಿಗೆ ಕಡೆ ತಿರುಗಿಯೂ ನೋಡಲಿಲ್ಲ. "ನಾಳೆ ಹಾಕ್ತೀನಿ" ಎಂದಳು. ಮರುದಿನ ಕೇಳಿದೆ, "ನಾಳೆ" ಎಂದಳು. ಅದರ ಮರುದಿನವೂ ಅದೇ ನಾಳೆ. ಆಗ ನನಗೆ ಖಾತ್ರಿಯಾಯಿತು, ಕೆರೆದವಳು ಇವಳೇ. ಹೆಸರಿನ ಕಲ್ಲಿನ ಬುಡವೇ ಸಡಿಲವಾದರೆ, ಮನೆ ನೋಡಿಕೊಳ್ಳಲು ಬರಲಿಲ್ಲ ಎಂದು ನಮ್ಮ ಮೇಲೆ ದೂರು ಹೇಳಬಹುದಲ್ಲ. ಮುದುಕಿಯ ಲೆಕ್ಕ ಎಷ್ಟು ಜಾಣತನದ್ದು ನೋಡಿ ಎಂದು ಒಬ್ಬಳೇ ಹಲ್ಲು ಕಡಿದೆ.

ಆ ವಾರವೇ ರೇಡಿಯೋ ಬಂದ. ರೇಡಿಯೋ ಎಂದರೆ ನಮ್ಮ ಬೀದಿಯ ಕ್ಷೌರದವನು. ಕತ್ತರಿ ನಿಂತರೂ ಬಾಯಿ ನಿಲ್ಲದವನಾದ್ದರಿಂದ ಆ ಹೆಸರು. ನಮ್ಮನೆಯವರ ಗಡ್ಡ ಕೆರೆಯುತ್ತಾ ಹೊತ್ತು ಕಳೆದು, ದೀಪದ ಹೊತ್ತಾಗಿ, ಓದು ಮುಗಿಯುವ ತನಕ ನಿಂತ. ಹೋಗುವಾಗ ನನ್ನ ಮುಖ ನೋಡಿ, "ಅಕ್ಕಾ, ಅಣ್ಣ ಒಂದು ಹೆಸರು ನುಂಗಿದ ಹಾಗಾಯ್ತಲ್ಲ?" ಎಂದ. "ನಿನ್ನ ಕಿವೀಲಿ ಸೋಪಿನ ನೊರೆ ಹೋಗಿರಬೇಕು" ಎಂದೆ. ಅವನು ನಕ್ಕ. ಆ ನಗು ನೋಡಿದಾಗಲೇ ಗೊತ್ತಾಯಿತು, ನಾಳೆ ಬೆಳಿಗ್ಗೆ ಹೊತ್ತಿಗೆ ಸುದ್ದಿ ಉಪ್ಪುಖಾರ ಹಚ್ಚಿಕೊಂಡು ಚೌಕ ತಲುಪಿರುತ್ತದೆ ಎಂದು.

ತಲುಪಿತು. ಈ ಮನೆ ಕಟ್ಟಿಸಿದ ಸಮಿತಿಗೆ ಯಜಮಾನರಾದ ಬಟ್ಟೆ ಅಂಗಡಿಯವರು ಖುದ್ದಾಗಿ ಬಂದರು. ಜೋರು ಮಾತಿನವರಲ್ಲ. ಕೂತರು, ನೀರು ಕುಡಿದರು, ಮನೆಯ ಗೋಡೆಗಳನ್ನೆಲ್ಲ ಬೀಗರ ಮನೆಗೆ ಬಂದವರಂತೆ ನೋಡಿದರು.

"ಮನೆ ಕಟ್ಟಿ ವರ್ಷವಾಗ್ತಾ ಬಂತು, ತಂಗಿ. ಭಾನುವಾರ ಎಲ್ಲರೂ ಬರ್ತಾರೆ. ಇವರು ಎಲ್ಲರ ಮುಂದೆ ಓದಲಿ. ಜೋರಾಗಿ. ಜನ ಏನೇನೋ ಮಾತಾಡ್ತಿದಾರೆ, ಒಂದೇ ಸಲ ಬಾಯಿ ಮುಚ್ಚಿಸಿಬಿಡೋಣ."

"ಓದದೇ ಇದ್ರೆ?" ಎಂದರು ನಮ್ಮನೆಯವರು. ನನಗೆ ಅವರ ಬಾಯಿಗೆ ಬಟ್ಟೆ ತುರುಕಬೇಕೆನ್ನಿಸಿತು.

ಯಜಮಾನರು ಲೋಟ ಕೆಳಗಿಟ್ಟರು. "ಕರಾರು ಕರಾರೇ ಅಲ್ವಾ? ಕಣ್ಣು ಹೋಗಿರೋ ಇನ್ನೊಬ್ಬ ಸಿಪಾಯಿ ಸಂಸಾರ ಕಟ್ಕೊಂಡು ಅಣ್ಣನ ಮನೇಲಿದಾನೆ, ಪಾಪ. ಕಲ್ಲು ಓದೋಕೆ ಅವನ ಹೆಂಡತಿ ಇದಾಳೆ."

ಅವರು ಹೋದ ಮೇಲೆ ನನ್ನ ಕಣ್ಣ ಮುಂದೆ ಅಚ್ಚುಕೂಟದ ಮೆಟ್ಟಿಲು ಬಂದು ನಿಂತಿತು. ಚಪ್ಪಲಿ ಮೆಟ್ಟಿಕೊಂಡು ನೇರ ಇಸ್ತ್ರಿ ಅಂಗಡಿಗೆ ಹೋದೆ.

ಅಜ್ಜಿ ಶಾಲೆಯ ಮಾಸ್ತರರ ಪ್ಯಾಂಟು ಒತ್ತುತ್ತಿದ್ದಳು. ಹಿಂದಿನ ಹಲಗೆಯ ಮೇಲೆ ಗಿರಾಕಿಗಳ ಬಟ್ಟೆ ಗಂಟು, ಅವುಗಳಿಂದ ದೂರಕ್ಕೆ ಬೇರೆಯಾಗಿ ಒಂದು ನೀಲಿ ಅಂಗಿ. ಮಡಿಕೆಯ ಅಂಚು ಬಿಳಿಚಿಕೊಳ್ಳುವಷ್ಟು ಸಲ ಇಸ್ತ್ರಿ ಕಂಡ ಅಂಗಿ. ಏನಾದರೂ ಮಾತು ಶುರುಮಾಡಬೇಕಿತ್ತು.

"ಅದ್ಯಾರದ್ದು ಅಜ್ಜಿ, ಅಷ್ಟು ಮುತುವರ್ಜಿಯಿಂದ ಇಟ್ಟಿದೀರಾ?"

"ಹಾಕ್ಕೊಳ್ಳೋರು ಇನ್ನೂ ಬಂದಿಲ್ಲ."

ಗಿರಾಕಿ ಯಾರೋ ಮರೆತಿರಬೇಕು ಎಂದುಕೊಂಡೆ. ನನ್ನ ತಲೆ ಆಗ ಬೇರೆ ಕಡೆ ಇತ್ತು. "ರೇಡಿಯೋ ಕಿವೀಲಿ ಊದಿದ್ದು ನೀವೇ ತಾನೇ?" ಎಂದೆ.

"ನಾನು ಯಾರಿಗೂ ಏನೂ ಹೇಳಿಲ್ಲ, ಮಗಳೇ."

"ಮತ್ತೆ ದಿನಾ ಬಂದು ನಮ್ಮನೆಯವರ ಬಾಯಿ ನೋಡ್ತಾ ಕೂರೋದು ಯಾಕೆ? ನಿಮ್ಮ ಮಗನ ಹೆಸರು ಬಿಟ್ಟು ಓದ್ತಾರೆ ಅಂತ ನಿಮಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದೀರಾ. ಏನು ಹುನ್ನಾರ ನಿಮ್ಮದು?"

ಅಜ್ಜಿಯ ಕೈ ನಿಂತಿತು. ಇಸ್ತ್ರಿಪೆಟ್ಟಿಗೆ ಪ್ಯಾಂಟಿನ ಮೇಲೇ ಕೂತಿತು. ಬಟ್ಟೆ ಸೀದ ವಾಸನೆ ಬಂತು. ಅವಳು ಗಾಬರಿಯಾಗಿ ಎತ್ತಿದಳು; ಮಾಸ್ತರರ ಪ್ಯಾಂಟಿನ ಮೇಲೆ ಕಂದು ಬಣ್ಣದ ಗುರುತು. ಇಷ್ಟು ವರ್ಷದಲ್ಲಿ ಅವಳು ಬಟ್ಟೆ ಸುಟ್ಟಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ಹೋಗಮ್ಮ, ಕೆಲಸ ಕೆಟ್ಟುಹೋಯ್ತು" ಎಂದಳು ಮೆಲ್ಲಗೆ.

ಹೆಸರು ಯಾಕೆ ಬಿಡುತ್ತಾರೆ ಎಂದು ಅವಳು ಆಗಲೂ ಕೇಳಲಿಲ್ಲ. ಹೆತ್ತವಳಿಗೆ ಬೇಡವಾದ ಆ ಕಾರಣ ನನಗಾದರೂ ಬೇಕೇಬೇಕು ಎಂದು ಹಟ ಹಿಡಿದು ಮನೆಗೆ ಬಂದೆ. ನಮ್ಮನೆಯವರು ಅರ್ಧ ಹೆಣೆದ ಕುರ್ಚಿಯ ಮುಂದೆ ಕೂತಿದ್ದರು. ಅವರ ಕೈಯಿಂದ ಬೆತ್ತ ಕಿತ್ತುಕೊಂಡೆ.

"ಹೇಳ್ರೀ. ಆ ಹುಡುಗನಿಗೆ ನೀವು ಏನು ಮಾಡಿದ್ರಿ?"

"ನಾನೇನು ಮಾಡ್ಲಿ? ಮಾಡಿದ್ದೆಲ್ಲ ಅವನೇ."

"ಅಂದ್ರೆ?"

ಅವರು ಬೀದಿಯ ಕಡೆ ನೋಡಿದರು. ಮುಚ್ಚದ ಬಾಗಿಲನ್ನು ನೋಡಿದರು. ದನಿ ತಗ್ಗಿಸಿದರು. "ಮೊಣಕಾಲಿಗೆ ಏಟು ಬಿದ್ದಾಗ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಬಂದೋನು ಅವನು. ಆಸ್ಪತ್ರೆ ಡೇರೆ ಹತ್ರ ಇಳಿಸಿದ. 'ಅಣ್ಣಾ, ನಾನಿನ್ನು ಆ ಕಡೆಗೆ ಹೋಗಲ್ಲ' ಅಂದ. ಹೊಳೆ ಕಡೆ ತಿರುಗಿ ಹೋಗಿಬಿಟ್ಟ. ಆಮೇಲೆ ನಮ್ಮ ತುಕಡಿ ಮೇಲೆ ಗುಂಡು ಬಿತ್ತು. ಅಲ್ಲಿದ್ದೋರು ಯಾರೂ ಉಳೀಲಿಲ್ಲ. ಅವನೂ ಅಲ್ಲೇ ಇದ್ದ ಅಂತ ಬರ್ಕೊಂಡ್ರು."

"ಓಡಿಹೋದ ಅನ್ನಿ."

"ನಡ್ಕೊಂಡು ಹೋದ. ಓಡ್ಲಿಲ್ಲ."

ಇಷ್ಟು ದಿನ ಗಂಡನ ಕೈಯಲ್ಲಿ ರಕ್ತ ಹುಡುಕಿದ್ದೆ, ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. "ಹಾಗಾದ್ರೆ ಆ ತಾಯಿಗೆ ಹೇಳಬಾರದಾ?"

"ಏನಂತ? ಈಗ ಎಲ್ಲಿದಾನೋ, ಇದಾನೋ ಇಲ್ವೋ, ನನಗೇ ಗೊತ್ತಿಲ್ಲ. ಇದಾನೆ ಅಂತ ಗೊತ್ತಾದ್ರೆ ಊರವರು ಅವನ ಹೆಸರು ಕೆತ್ತಿ ತೆಗೀತಾರೆ, ಸರ್ಕಾರದವರು ಹುಡುಕ್ತಾರೆ. ಅಜ್ಜಿ ಅಂಗಡಿಗೆ ಒಂದು ಕರವಸ್ತ್ರ ಕೂಡ ಯಾರೂ ಕೊಡಲ್ಲ. ಹೇಳೋಕೂ ಆಗಲ್ಲ. ಬದುಕಿರೋನನ್ನ ದಿನಾ ಸತ್ತೋರ ಸಾಲಲ್ಲಿ ನಿಲ್ಲಿಸಿ ಕೂಗೋಕೂ ಬಾಯಿ ಬರಲ್ಲ ಕಣೇ."

"ಭಾನುವಾರ ಒಂದು ದಿನ ಕೂಗಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇರೋದು ಒಂದೇ ಕಾಲು, ನೋಡ್ಕೊಂಡು ಬೀಳು" ಎಂದರು. ನಗಲು ಇಬ್ಬರಿಗೂ ಆಗಲಿಲ್ಲ.

"ಮತ್ತೆ ಆ ಮೆಟ್ಟಿಲಿಗೆ ಹೋಗೋಕೆ ನನ್ನಿಂದ ಆಗಲ್ಲ" ಎಂದೆ. "ನೀವು ಕಿಟಕಿ ಹತ್ರ ಕೂತು ಗೋಡೆ ನೋಡೋದನ್ನ ಮತ್ತೆ ನೋಡೋಕೆ ನನ್ನಿಂದ ಆಗಲ್ಲ. ಒಂದು ಹೆಸರು ಕೂಗಿದ್ರೆ ಅವನೇನು ಸಾಯ್ತಾನಾ?"

ಅವರು ಬಹಳ ಹೊತ್ತು ಬೆತ್ತದ ಸಿಬಿರು ಕೀಳುತ್ತಾ ಕೂತರು. "ಆಯ್ತು, ಓದ್ತೀನಿ" ಎಂದರು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಭಾನುವಾರ ಊರಿಗೆ ಊರೇ ಬಂತು. ಬಂದವರು ಮೊದಲು ಮಾಡಿದ್ದು ಅವರವರ ಕೆಲಸವನ್ನು ತಡವಿ ನೋಡುವುದು. ಕಿಟಕಿಯವನು ಕಿಟಕಿ ತೆರೆದು ಮುಚ್ಚಿ ನೋಡಿದ, ಗೂಟದವನು ಗೂಟ ಜಗ್ಗಿದ. ಬಡಗಿಯೂ ಗೌಂಡಿಯೂ ಬಾಗಿಲ ಎರಡು ಪಕ್ಕ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿದರು. ಫೋಟೋಗ್ರಾಫರೂ ಬಂದಿದ್ದ. "ನಿಮ್ಮ ಹಂಚು ಸೋರ್ತಿದೆ ಸ್ವಾಮಿ" ಎಂದೆ. "ಇವತ್ತು ಬಿಸಿಲಿದೆಯಲ್ಲಮ್ಮ" ಎಂದು ಕ್ಯಾಮೆರಾ ಹಿಂದೆ ಮುಖ ಮುಚ್ಚಿಕೊಂಡ. ಬೇರೆ ದಿನವಾಗಿದ್ದರೆ ಏಣಿ ತಂದು ಹತ್ತಿಸುತ್ತಿದ್ದೆ. ಅವತ್ತು ಅವನನ್ನು ಹಾಗೇ ಬಿಟ್ಟೆ. ರೇಡಿಯೋ ಎಲ್ಲರಿಗಿಂತ ಮುಂದೆ, ಕಿವಿಗೆ ಹತ್ತಿರವಾಗುವಂತೆ ನಿಂತಿದ್ದ.

ಅಜ್ಜಿ ತನ್ನ ಜಾಗದಲ್ಲೇ ಕೂತಿದ್ದಳು. ಅವಳ ಬಲಗೈ ಆ ಇಟ್ಟಿಗೆಯ ಮೇಲಿತ್ತು. ಒರಗಿಕೊಂಡ ಕೈಯಲ್ಲ ಅದು; ಜನಜಂಗುಳಿಯಲ್ಲಿ ಮಗುವಿನ ಕೈ ಹಿಡಿಯುತ್ತೇವಲ್ಲ, ಹಾಗೆ ಬೆರಳು ಬಿಗಿದು ಹಿಡಿದಿದ್ದಳು. ಆ ಹಿಡಿತ ನೋಡಿದಾಗ ನನಗೆ ಆ ನೀಲಿ ಅಂಗಿ ನೆನಪಾಯಿತು. ಹಾಕ್ಕೊಳ್ಳೋರು ಇನ್ನೂ ಬಂದಿಲ್ಲ. ಗಿರಾಕಿಯ ಅಂಗಿಯನ್ನು ಯಾರಾದರೂ ಮಡಿಕೆ ಸವೆಯುವಷ್ಟು ಸಲ ಒತ್ತುತ್ತಾರೆಯೇ? ಗಾರೆ ಕೆರೆದದ್ದು ನಮ್ಮನ್ನು ಓಡಿಸಲು ಅಲ್ಲ. ಮಗ ಸತ್ತನೆಂದು ತನ್ನ ಕೈಯಿಂದಲೇ ಗಟ್ಟಿ ಮಾಡಲು ಆ ತಾಯಿಗೆ ಮನಸ್ಸು ಬಂದಿಲ್ಲ. ಇದು ನನಗೆ ಹೊಳೆಯುವ ಹೊತ್ತಿಗೆ ನಮ್ಮನೆಯವರು ಊರುಗೋಲು ಊರಿ ಎದ್ದು ನಿಂತಿದ್ದರು. ಬೇಡ ಎಂದು ಕಣ್ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ.

ಜೋರಾಗಿಯೇ ಓದಿದರು. ಒಂದೊಂದು ಹೆಸರಿಗೂ ಜನರ ನಡುವೆ ಒಬ್ಬೊಬ್ಬರು ತಲೆ ತಗ್ಗಿಸಿದರು. ಗಾಡಿಯವನ ಮಗನ ಹೆಸರು ಬಂತು. ನಿಂತರು. ರೇಡಿಯೋ ಕತ್ತು ಮುಂದೆ ಚಾಚಿದ. ನಮ್ಮನೆಯವರು ಒಮ್ಮೆ ಉಸಿರೆಳೆದುಕೊಂಡರು, ಬಾಯಿ ತೆರೆದರು, ಹೆಸರಿನ ಮೊದಲ ಅಕ್ಷರ ಹೊರಗೆ ಬಿತ್ತು.

"ಸಾಕು ನಿಲ್ಸು!"

ಅಜ್ಜಿ ಎದ್ದು ನಿಂತಿದ್ದಳು. ಅವಳಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ನನ್ನ ಮಗನ ಹೆಸರು ಓದಬೇಡ ಅಂತ ಮೊದಲನೇ ದಿನಾನೇ ಹೇಳಿದ್ದೀನಿ ನಿನಗೆ. ಇವರಿಗೆ ಹೆದರಿ ಈಗ ಮಾತು ತಪ್ತೀಯಾ?"

ಅವಳು ಯಾವತ್ತೂ ಹಾಗೆ ಹೇಳಿರಲಿಲ್ಲ. ನಮ್ಮನೆಯವರ ಬಾಯಿ ತೆರೆದಿದ್ದು ತೆರೆದ ಹಾಗೇ ಉಳಿಯಿತು.

ಯಜಮಾನರು ಮುಂದೆ ಬಂದರು. "ಅಜ್ಜಿ, ಎಲ್ಲ ಹೆಸರೂ ಓದಬೇಕು ಅಂತ ಕರಾರಿದೆ. ಬಿಟ್ರೆ ನಿಮ್ಮ ಮಗನಿಗೇ ಅವಮಾನ."

"ಯಜಮಾನ್ರೇ, ಈ ಮನೇಲಿ ಮಾಡಿದ ಕೈಯೇ ಮುಟ್ಟಬೇಕು ಅಂತ ನಿಯಮ ಮಾಡಿದ್ದು ಯಾರು?"

"ನಾವೇ. ಆದ್ರೆ ಅದು ಕಿಟಕಿ ಬಾಗಿಲಿನ ಮಾತು."

"ಕಿಟಕಿ ಮಾಡಿದೋನಿಗೆ ಕಿಟಕಿ ಮೇಲಿರೋ ಹಕ್ಕು, ಮಗನ್ನ ಹೆತ್ತೋಳಿಗೆ ಮಗನ ಮೇಲಿಲ್ವಾ? ಅವನು ನನ್ನ ಕೈಯಲ್ಲಿ ಆದೋನು. ಬೇರೆಯವರು ಮುಟ್ಟಬೇಡಿ. ಆ ಹೆಸರು ಕೇಳಿದ್ರೆ ನನಗೆ ತಲೆ ಸುತ್ತತ್ತೆ. ನಾನಿರೋ ತನಕ ಅದನ್ನ ಇಲ್ಲಿ ಯಾರೂ ಕೂಗಬಾರದು."

ಯಜಮಾನರು ಸಮಿತಿಯವರ ಕಡೆ ತಿರುಗಿದರು. ಆಗ ಬಾಗಿಲ ಕಡೆಯಿಂದ ಗೌಂಡಿ, "ನಿಯಮ ಅಂದ್ರೆ ಎಲ್ಲರಿಗೂ ಒಂದೇ. ನನಗೆ ಆ ಚೌಕಟ್ಟು ಮುಟ್ಟೋಕೆ ಬಿಟ್ರಾ?" ಎಂದ. "ನನಗೆ ಗೋಡೆ ಮುಟ್ಟೋಕೆ ಬಿಟ್ರಾ?" ಎಂದ ಬಡಗಿ. ಅವರಿಬ್ಬರೂ ಊರ ಮುಂದೆ ಒಂದೇ ಮಾತು ಆಡಿದ್ದು ಈ ಮನೆ ಎದ್ದ ಮೇಲೆ ಅದೇ ಮೊದಲು. ಜನ ನಕ್ಕರು, ನಕ್ಕ ಮೇಲೆ ಬಿಗಿ ಸಡಿಲವಾಯಿತು. ಯಜಮಾನರು ಎರಡೂ ಕೈ ಎತ್ತಿ, "ಸರಿ, ತಾಯಿ ಮಾತು. ಮುಂದಕ್ಕೆ ಓದಪ್ಪ" ಎಂದರು. ನಮ್ಮನೆಯವರು ಅಂಚೆಯವನ ತಮ್ಮನ ಹೆಸರಿನಿಂದ ಮುಂದುವರಿಸಿದರು. ಅವರ ದನಿ ನಡುಗುತ್ತಿತ್ತು. ಜನ ಅದನ್ನು ದೇಶಭಕ್ತಿ ಎಂದುಕೊಂಡರು.

ಎಲ್ಲರೂ ಹೋದ ಮೇಲೆ ಅಜ್ಜಿ ಉಳಿದಳು. ನಾನು ಚಹಾ ಮಾಡಿ ತಂದು ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ. ಕ್ಷಮಿಸಿ ಎನ್ನುವ ಬದಲು ಲೋಟ ಅವಳ ಕೈಗಿಟ್ಟೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮನೆಯವರನ್ನು ನೋಡಿದಳು. ಅವತ್ತು ತುಟಿಯನ್ನು ನೋಡಲಿಲ್ಲ, ಕಣ್ಣನ್ನು ನೋಡಿದಳು.

"ನೀನು ದಿನಾ ಬಿಟ್ಟು ಓದ್ತಿದ್ದೆ. ಎಲ್ಲಿ ಒಂದು ದಿನ ಓದಿಬಿಡ್ತೀಯೋ ಅಂತ ಹೆದರ್ಕೊಂಡು ಬರ್ತಿದ್ದೆ. ಓದಲಿಲ್ಲ ಅಂದ್ರೆ ಅವತ್ತು ಊಟ ಸೇರ್ತಿತ್ತು."

"ಒಂದು ಮಾತು ಕೇಳಬಹುದಿತ್ತಲ್ಲ, ಅಜ್ಜಿ" ಎಂದರು ಅವರು.

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ. ಸತ್ತ ಅಂತ ಹೇಳಿದ್ರೆ ನಾನೇನು ಮಾಡ್ಲಿ?"

ಬೀದಿಯಲ್ಲಿ ಯಾರೋ ಹಾದು ಹೋದರು. ಅವರ ಹೆಜ್ಜೆ ಸದ್ದು ದೂರವಾಗುವ ತನಕ ಅಜ್ಜಿ ಚಹಾ ಗುಟುಕರಿಸಿದಳು. ಆಮೇಲೆ ಅಜ್ಜಿ ಕೇಳಿದಳು. ಎಲ್ಲಿಗೆ ಹೋದ ಎಂದಲ್ಲ, ಯಾಕೆ ಹೋದ ಎಂದಲ್ಲ.

"ಹೋಗುವಾಗ ಕಾಲಿಗೆ ಏನಿತ್ತು? ಬೂಟು ಹರಿದಿದೆ, ಹೆಬ್ಬೆರಳು ಆಚೆ ಬಂದಿದೆ ಅಂತ ಹೇಳಿ ಕಳಿಸಿದ್ದ."

"ನನ್ನದು ಹಾಕ್ಕೊಂಡು ಹೋದ, ಅಜ್ಜಿ. ಹೊಸದು. ಗಟ್ಟಿಯಾಗಿತ್ತು."

"ಎರಡೂನಾ?"

"ಎರಡೂ. ಡಾಕ್ಟರು ಬಂದು ನೋಡಿ ಆಗಿತ್ತು. ಇನ್ನು ನನಗೆ ಜೋಡಿ ಬೇಕಾಗಲ್ಲ ಅಂತ ಗೊತ್ತಿತ್ತು." ಅವರು ತಮ್ಮ ಬಲಗಾಲನ್ನು ನೋಡಿಕೊಂಡರು. "ಅವನಿಗೆ ಒಂಚೂರು ದೊಡ್ಡದಾಯ್ತೇನೋ."

ಅಜ್ಜಿ ತಲೆಯಾಡಿಸಿದಳು. "ದೊಡ್ಡದಾದ್ರೆ ಪರವಾಗಿಲ್ಲ. ಮುಂದೆ ಬಟ್ಟೆ ತುರುಕ್ಕೋತಾನೆ" ಎಂದಳು. ಚಹಾ ಮುಗಿಸಿದಳು. ಏಳುವ ಮುಂಚೆ ಅಂಗೈಯಿಂದ ಇಟ್ಟಿಗೆಯನ್ನು ಒಳಕ್ಕೊತ್ತಿ, ಸಾಲಿಗೆ ಸರಿಯಾಗಿ ನಿಲ್ಲಿಸಿ, ನನ್ನ ತಲೆ ಸವರಿ ಹೋದಳು. ನಾನು ಅಲ್ಲೇ ಕೂತು ಅತ್ತೆ. ನಮ್ಮನೆಯವರು ಬಯ್ಯಲಿಲ್ಲ.

ಮರುದಿನ ಬೆಳಿಗ್ಗೆಯೇ ಗೌಂಡಿ ಬಂದ. ಬುಟ್ಟಿಯಲ್ಲಿ ಗಾರೆ ಕಲಸಿಕೊಂಡೇ ಬಂದಿದ್ದ. "ಎಲ್ಲಮ್ಮ ಅಜ್ಜಿ? ಆ ಇಟ್ಟಿಗೆ ಕೆಲಸ ಮುಗಿಸಿಬಿಡೋಣ" ಎಂದ.

"ನಾಳೆ ಬರ್ತಾರಂತೆ" ಎಂದೆ.